ಕಡಲತಳಕ್ಕೆ ಖಾತೆ: ಮಾರಿಷಸ್, ಸೇಶೆಲ್ಸ್ ತಮ್ಮ ಗಡಿ ಬರೆದುಕೊಂಡ ಬಗೆ

ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಸಾಯಾ ಡಿ ಮಾಲ್ಹಾ ಎಂಬ ಮುಳುಗಿದ ದಿಬ್ಬವಿದೆ. ವಿಸ್ತಾರ ಸುಮಾರು 40,000 ಚದರ ಕಿಲೋಮೀಟರ್. ಅದರ ಬೆನ್ನ ಮೇಲೆ ಕೆಲವೆಡೆ ನೀರು ಹತ್ತು ಮೀಟರ್ ಆಸುಪಾಸಷ್ಟೇ ಆಳ. ಕಡಲಹುಲ್ಲು ದಟ್ಟವಾಗಿ ಬೆಳೆದಿದೆ. ಆದರೆ ಎಂಥ ಇಳಿತದಲ್ಲೂ ಒಂದು ಗೇಣು ನೆಲ ನೀರಿನಿಂದ ಮೇಲೇಳುವುದಿಲ್ಲ. ಮೇಲೇಳದ ನೆಲಕ್ಕೆ ಸಮುದ್ರ ಕಾನೂನಿನಲ್ಲಿ ಸ್ವಂತ ಗಡಿಯಿಲ್ಲ. ಹಾಗಿದ್ದೂ ಇಂದು ಆ ದಿಬ್ಬದ ಬಹುಪಾಲು ತಳ ಮಾರಿಷಸ್ ಮತ್ತು ಸೇಶೆಲ್ಸ್ ಎಂಬ ಎರಡು ಪುಟ್ಟ ದೇಶಗಳ ಜಂಟಿ ಹಕ್ಕಿನಲ್ಲಿದೆ. ಒಟ್ಟು 3,96,000 ಚದರ ಕಿಲೋಮೀಟರ್ ಕಡಲತಳ. ಕರ್ನಾಟಕದ ಎರಡರಷ್ಟಕ್ಕಿಂತ ಹೆಚ್ಚು. ಸೇಶೆಲ್ಸ್‌ನ ಒಣನೆಲ ಐನೂರು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ, ಮಾರಿಷಸ್‌ನದು ಎರಡು ಸಾವಿರ ಚಿಲ್ಲರೆ.

ಈ ಹಕ್ಕು ಕೈಗೆ ಬಂದದ್ದು ಒಂದು ಉದ್ದನೆಯ ಕೆಲಸದ ಸಾಲಿನಿಂದ: ಹವಳದಂಚಿನ ಅಳತೆ, ಗೆಜೆಟ್, ನೆರೆಯವರ ಜೊತೆ ಒಪ್ಪಂದ, ಕಡಲತಳದ ಸರ್ವೆ, ನ್ಯೂಯಾರ್ಕ್‌ನಲ್ಲಿ ಅರ್ಜಿ. ಸಣ್ಣ ದ್ವೀಪದೇಶವೊಂದಕ್ಕೆ ಈ ಕೆಲಸ ಮಾಡಿಕೊಡಲು ಕೂತವರಿಗೆ ಬೇಗನೆ ಒಂದು ವಿಷಯ ಅರ್ಥವಾಗುತ್ತದೆ. ವಕೀಲರ ವಾದ ಎಷ್ಟೇ ಗಟ್ಟಿಯಿದ್ದರೂ ಅದರ ಬುಡದಲ್ಲಿರುವುದು ಸರ್ವೆಯವರ ಅಂಕಿ. ಆ ಅಂಕಿ ಸಡಿಲವಾದರೆ ಮೇಲಿನದೆಲ್ಲ ಸಡಿಲ.

ಕೆಲಸ ಶುರುವಾಗುವುದು ಆಧಾರರೇಖೆಯಿಂದ. 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೊ ಬೇಯಲ್ಲಿ ಸಹಿಯಾದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 5ನೇ ವಿಧಿ ಹೇಳುವಂತೆ, ಕರಾವಳಿ ದೇಶ ತಾನು ಅಧಿಕೃತವೆಂದು ಒಪ್ಪಿದ ದೊಡ್ಡ ಪ್ರಮಾಣದ ನಾವಿಕ ನಕ್ಷೆಯಲ್ಲಿ ಗುರುತಾದ ಇಳಿತದ ರೇಖೆಯೇ ಸಾಮಾನ್ಯ ಆಧಾರರೇಖೆ. 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರವನ್ನೂ, ಮೀನು ಖನಿಜಗಳ ಹಕ್ಕು ಆ ದೇಶಕ್ಕೇ ಇರುವ 200 ಮೈಲಿಯ ಅನನ್ಯ ಆರ್ಥಿಕ ವಲಯವನ್ನೂ ಅಲ್ಲಿಂದಲೇ ಅಳೆಯಬೇಕು. (ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್; ಮುಂದೆ ಬರುವ ಮೈಲಿಯೆಲ್ಲ ಇದೇ.) ಹವಳ ಸುತ್ತುವರಿದ ದ್ವೀಪಗಳಿಗೆ 6ನೇ ವಿಧಿ ಇನ್ನೂ ಉದಾರಿ. ಮರಳಿನ ದಂಡೆಯನ್ನು ಬಿಟ್ಟು, ಹವಳದ ದಿಬ್ಬದ ಕಡಲ ಕಡೆಯ ಇಳಿತದ ಅಂಚನ್ನೇ ಆಧಾರವಾಗಿ ಹಿಡಿಯಬಹುದು. ಹವಳಕ್ಕೂ ದಂಡೆಗೂ ನಡುವಿನ ನೀರು, ಅಂದರೆ ಲಗೂನ್, ಅಗಲವಿದ್ದಲ್ಲಿ ಇದರಿಂದ ಗಡಿ ಹಲವು ಕಿಲೋಮೀಟರ್ ಆಚೆ ಸರಿಯುತ್ತದೆ. ಆದರೆ ಆ ಅಂಚು ನಕ್ಷೆಯಲ್ಲಿ ಸರಿಯಾದ ಚಿಹ್ನೆಯೊಂದಿಗೆ ಇರಬೇಕೆಂದು ವಿಧಿಯೇ ಹೇಳುತ್ತದೆ. ನಕ್ಷೆಯಲ್ಲಿಲ್ಲದ ಹವಳವನ್ನು ಹಿಡಿದುಕೊಂಡು ವಾದಕ್ಕೆ ಹೋದರೆ ಮೊದಲ ಪ್ರಶ್ನೆಗೇ ಸೋಲು.

ನಕ್ಷೆಗಳ ಸ್ಥಿತಿ ಏನೆಂದರೆ, ದೂರದ ಅಟಾಲ್‌ಗಳ (ಉಂಗುರದಾಕಾರದ ಹವಳದ್ವೀಪಗಳ) ಎಷ್ಟೋ ಹಾಳೆಗಳಿಗೆ ಮೂಲ ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸರ್ವೆ. ಮಾಲ್ಡೀವ್ಸ್‌ನ ದಕ್ಷಿಣಕ್ಕಿರುವ ಚಾಗೋಸ್ ದ್ವೀಪಗಳನ್ನು ರಾಬರ್ಟ್ ಮೋರ್ಸ್‌ಬಿ ಅಳೆದದ್ದು 1837ರಲ್ಲಿ. ಆಗಿನವರು ಹವಳದ ಆಕಾರವನ್ನು ಬೆರಗಾಗುವಷ್ಟು ಚೆನ್ನಾಗಿ ಬರೆದಿದ್ದಾರೆ. ಆದರೆ ಅಕ್ಷಾಂಶ ರೇಖಾಂಶಗಳನ್ನು ನಕ್ಷತ್ರ ಮತ್ತು ಗಡಿಯಾರ ನೋಡಿ ಹಿಡಿದದ್ದರಿಂದ ಇಡೀ ಅಟಾಲ್ ಇಂದಿನ ಡಬ್ಲ್ಯೂಜಿಎಸ್ 84 ಡೇಟಮ್‌ಗೆ (ಅಕ್ಷಾಂಶ ರೇಖಾಂಶ ಎಣಿಸುವ, ಜಿಪಿಎಸ್ ಬಳಸುವ ಮೂಲ ಚೌಕಟ್ಟಿಗೆ) ಹೋಲಿಸಿದರೆ ನೂರಾರು ಮೀಟರ್, ಕೆಲವು ಕಡೆ ಅದಕ್ಕೂ ಹೆಚ್ಚು, ಸರಿದು ಕೂತಿರಬಹುದು. ಹಳೆಯ ನಕ್ಷೆಯಿಂದ ಅಂಕಿ ಎತ್ತಿ, ಡೇಟಮ್ ಯಾವುದೆಂದು ಬರೆಯದೆ ಗೆಜೆಟ್‌ಗೆ ಕಳಿಸುವುದು ಈ ಕ್ಷೇತ್ರದಲ್ಲಿ ಪದೇ ಪದೇ ಕಾಣುವ ಎಡವಟ್ಟು. ಆಧಾರಬಿಂದು ಒಂದು ಕಿಲೋಮೀಟರ್ ತಪ್ಪಿದರೆ 200 ಮೈಲಿ ಆಚೆಯ ಗಡಿಯೂ ಅಷ್ಟೇ ತಪ್ಪುತ್ತದೆ. ಗಡಿಯ ಪ್ರತಿ ನೂರು ಕಿಲೋಮೀಟರ್ ಉದ್ದಕ್ಕೆ ನೂರು ಚದರ ಕಿಲೋಮೀಟರ್ ಕಡಲು ಹೆಚ್ಚುಕಡಿಮೆ.

ಹಾಗೆಂದು ಪ್ರತಿ ಹವಳದಂಚನ್ನೂ ಅಳೆಯುತ್ತ ಹೋದರೆ ಸಣ್ಣ ದೇಶದ ಬಜೆಟ್ ಮುಗಿದುಹೋಗುತ್ತದೆ. ಮೊದಲು ಉಪಗ್ರಹ ಚಿತ್ರದಿಂದ ಒರಟಾಗಿ ಸಾವಿರಾರು ಬಿಂದುಗಳನ್ನು ಎತ್ತಿಕೊಳ್ಳಬೇಕು. ಪ್ರತಿ ಬಿಂದುವಿನಿಂದ 200 ಮೈಲಿಯ ಚಾಪ ಎಳೆದು ಹೊರ ಆವರಣ ಲೆಕ್ಕ ಹಾಕಿದರೆ, ಹೊರಗಡಿಯನ್ನು ನಿಜವಾಗಿ ಹಿಡಿದಿರುವ ಬಿಂದುಗಳು ಕೆಲವೇ ಎಂದು ತಿಳಿಯುತ್ತದೆ. ಉಳಿದವುಗಳ ಚಾಪ ಒಳಗೇ ಮುಳುಗಿಹೋಗುತ್ತದೆ. ಹಣ, ಹಡಗು, ಜನ ಹೋಗಬೇಕಾದದ್ದು ಆ ಕೆಲವು ಬಿಂದುಗಳಿಗೆ. ಈ ಲೆಕ್ಕ ಮಾಡದೆ ಹಡಗು ಗೊತ್ತುಮಾಡಬಾರದು.

ಸ್ಥಳದಲ್ಲಿ ಕೆಲಸ ಹೀಗೆ ಸಾಗುತ್ತದೆ. ದ್ವೀಪದ ಗಟ್ಟಿ ನೆಲದಲ್ಲಿ ಕಾಂಕ್ರೀಟ್ ಗುರುತು ನೆಟ್ಟು, ಅದರ ಮೇಲೆ ಉಪಗ್ರಹ ಗ್ರಾಹಕ ಇಟ್ಟು ಕನಿಷ್ಠ 24 ಗಂಟೆ ಅಲುಗಿಸದೆ ಬಿಡಬೇಕು. ಆ ದತ್ತಾಂಶದಿಂದ ಗುರುತಿನ ಸ್ಥಾನ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಉಬ್ಬರ ಇಳಿತದ ಮಾಪಕವನ್ನು ಕನಿಷ್ಠ 30 ದಿನ ಓಡಿಸಬೇಕು, ವರ್ಷವಿಡೀ ಓಡಿಸಿದರೆ ಒಳ್ಳೆಯದು. ಚಂದ್ರನ ಕಕ್ಷೆಯ 18.6 ವರ್ಷದ ಚಕ್ರದಿಂದಾಗಿ ಒಂದು ವರ್ಷದ ತೀರಾ ಕೆಳಗಿನ ಇಳಿತ ಇನ್ನೊಂದು ವರ್ಷದ್ದಲ್ಲ. ಹತ್ತಿರದ ಹಳೆಯ ಬಂದರಿನ ದಾಖಲೆಗೆ ಹೊಂದಿಸಿ ತಿದ್ದಿಕೊಳ್ಳಬೇಕು. ಇಳಿತವೆಂದರೆ ಯಾವ ಇಳಿತ ಎಂದು ಒಡಂಬಡಿಕೆ ಹೇಳುವುದಿಲ್ಲ. ಬಹಳಷ್ಟು ದೇಶಗಳು ಖಗೋಳ ಲೆಕ್ಕದ ಅತಿ ಕೆಳಗಿನ ಇಳಿತವನ್ನು ಆರಿಸಿಕೊಳ್ಳುತ್ತವೆ, ಏಕೆಂದರೆ ಅದರಿಂದ ನೆಲ ಹೆಚ್ಚು ಹೊರಗೆ ಚಾಚುತ್ತದೆ. ಮಾರಿಷಸ್ ಸುತ್ತ ಉಬ್ಬರ ಇಳಿತದ ಅಂತರ ಒಂದು ಮೀಟರಿಗಿಂತ ಕಡಿಮೆ. ಹಾಗಾಗಿ ಕಡಿದಾದ ಹವಳದಂಚಿನಲ್ಲಿ ಈ ಆಯ್ಕೆಯಿಂದ ಏನೂ ಆಗದು. ಚಪ್ಪಟೆ ಹವಳದಲ್ಲಿ ಆಗುತ್ತದೆ: ಇನ್ನೂರಕ್ಕೆ ಒಂದರ ಇಳಿಜಾರಿನಲ್ಲಿ ಎತ್ತರದ 20 ಸೆಂಟಿಮೀಟರ್ ತಪ್ಪು ಅಡ್ಡಕ್ಕೆ 40 ಮೀಟರ್ ಆಗುತ್ತದೆ.

ಅಂಚಿನ ಹತ್ತಿರ ದೋಣಿ ಒಯ್ಯುವುದು ಅಪಾಯ, ಅಲೆ ಒಡೆಯುವುದು ಅಲ್ಲೇ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ ಲಗೂನ್ ಕಡೆಯಿಂದ ಹವಳದ ಮೇಲೆ ನಡೆದು ಹೋಗಬೇಕು; ನೀರು ಮರಳುವ ಮೊದಲು ಸಿಗುವುದು ಒಂದೆರಡು ಗಂಟೆ. ಉಳಿದದ್ದನ್ನು ಉಪಗ್ರಹ ಅಥವಾ ಡ್ರೋನ್ ಚಿತ್ರದಿಂದ ತುಂಬಬೇಕು. ಆ ಚಿತ್ರಗಳಲ್ಲಿ ಕಣ್ಣಿಗೆ ಮೋಸವಾಗುವುದು ನೊರೆಯಿಂದ. ಬಿಳಿ ನೊರೆಯ ಗೆರೆಯನ್ನೇ ಹವಳದಂಚು ಎಂದು ಎಳೆದವರಿದ್ದಾರೆ. ಚಿತ್ರ ತೆಗೆದ ಗಂಟೆ ನಿಮಿಷವನ್ನು ಇಳಿತದ ಪಟ್ಟಿಗೆ ಹೊಂದಿಸಿ ನೋಡದೆ ಯಾವ ಗೆರೆಯನ್ನೂ ಒಪ್ಪಬಾರದು. ಮಾರಿಷಸ್‌ಗೆ ಈ ವಿಷಯದಲ್ಲಿ ಭಾರತೀಯ ನೌಕಾಪಡೆಯ ಸರ್ವೆ ಹಡಗುಗಳ ನೆರವು ಬಹುಕಾಲದಿಂದ ಸಿಕ್ಕಿದೆ. ಅಲ್ಲಿಯ ಎಷ್ಟೋ ನಾವಿಕ ನಕ್ಷೆಗಳು ತಯಾರಾಗುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯಲ್ಲಿ.

ಲೆಕ್ಕ ಹಾಕುವಾಗ ಕಾಗದದ ನಕ್ಷೆಯ ಮೇಲೆ ಕೈವಾರ ಇಡುವ ಹಾಗಿಲ್ಲ. ಮರ್ಕೇಟರ್ ನಕ್ಷೆಯಲ್ಲಿ ಅಕ್ಷಾಂಶ ಬದಲಾದಂತೆ ಅಳತೆಯೂ ಬದಲಾಗುತ್ತದೆ, 370.4 ಕಿಲೋಮೀಟರ್ ತ್ರಿಜ್ಯದ ವೃತ್ತ ಅಲ್ಲಿ ವೃತ್ತವಾಗಿ ಉಳಿಯುವುದಿಲ್ಲ. ಭೂಮಿಯ ದುಂಡಗಿನ ಮೈಮೇಲಿನ ಅತಿ ಹತ್ತಿರದ ದಾರಿಯ ಲೆಕ್ಕವೇ ಆಗಬೇಕು. ನೇರ ಆಧಾರರೇಖೆ ಎಳೆದರೆ ಎರಡು ಬಿಂದುಗಳ ನಡುವಿನ ಗೆರೆ ಅಂಥ ಜಿಯೋಡೆಸಿಕ್ ಗೆರೆಯೋ, ಮರ್ಕೇಟರ್ ನಕ್ಷೆಯ ನೇರ ಗೆರೆಯೋ ಎಂದು ಕಾನೂನಿನ ಪಠ್ಯದಲ್ಲೇ ಬರೆಯಬೇಕು. ಬರೆಯದೆ ಬಿಟ್ಟರೆ ಇಪ್ಪತ್ತು ವರ್ಷದ ನಂತರ ನೆರೆಯವರು ತಮಗೆ ಅನುಕೂಲವಾದ ಗೆರೆಯನ್ನೇ ಓದುತ್ತಾರೆ.

ದ್ವೀಪವೋ ಬಂಡೆಯೋ ಎಂಬ ಪ್ರಶ್ನೆಯನ್ನು ಈ ಹಂತದಲ್ಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮನುಷ್ಯರ ವಾಸವನ್ನಾಗಲಿ ಸ್ವಂತ ಆರ್ಥಿಕ ಬದುಕನ್ನಾಗಲಿ ತಾಳಲಾರದ ಬಂಡೆಗೆ ಆರ್ಥಿಕ ವಲಯವೂ ಇಲ್ಲ, ಖಂಡಾವರಣ ಪ್ರದೇಶವೂ (ದಂಡೆಯಾಚೆ ದೇಶದ ಹಕ್ಕಿಗೆ ಸೇರುವ ಕಡಲತಳವೂ) ಇಲ್ಲ ಎನ್ನುತ್ತದೆ 121ನೇ ವಿಧಿಯ ಮೂರನೇ ಖಂಡ. ಬೇರೆ ನೆಲ ಹತ್ತಿರವಿಲ್ಲದ ಒಂದು ಚುಕ್ಕೆ ಭೂಮಿ ದ್ವೀಪವೆನಿಸಿಕೊಂಡರೆ ಅದರ ಸುತ್ತ ಸುಮಾರು 4,31,000 ಚದರ ಕಿಲೋಮೀಟರ್ ಕಡಲು ಸಿಗುತ್ತದೆ. ಬಂಡೆಯಾದರೆ ಸುಮಾರು 1,550. ದಕ್ಷಿಣ ಚೀನಾ ಸಮುದ್ರದ ಪ್ರಕರಣದಲ್ಲಿ 2016ರ ಜುಲೈ 12ರ ತೀರ್ಪು ಈ ಖಂಡವನ್ನು ಬಿಗಿಯಾಗಿ ಓದಿತು. ಹೊರಗಿನಿಂದ ಅಕ್ಕಿ, ನೀರು, ಸಿಬ್ಬಂದಿ ತಂದಿಟ್ಟ ಮಾತ್ರಕ್ಕೆ ಬಂಡೆ ದ್ವೀಪವಾಗದು, ಆ ನೆಲದ ಸಹಜ ಶಕ್ತಿಯನ್ನು ನೋಡಬೇಕು ಎಂದಿತು. ಮಾರಿಷಸ್‌ಗೆ ಅಗಲೇಗಾದಂಥ ನೂರಾರು ಜನ ಬದುಕುವ ದ್ವೀಪಗಳಿವೆ, ಸೇಂಟ್ ಬ್ರ್ಯಾಂಡನ್‌ನಂಥ ಮರಳಿನ ತುಣುಕುಗಳೂ ಇವೆ. ಅಂಥ ಕಡೆಗಳ ವಾಸ, ಮೀನುಗಾರಿಕೆ, ಸಿಹಿನೀರಿನ ಹಳೆಯ ದಾಖಲೆಗಳನ್ನು ಹುಡುಕಿ ಇಡುವುದು ಗಡಿ ಕಡತದ್ದೇ ಕೆಲಸ.

ನೆರೆಯವರೊಂದಿಗೆ 400 ಮೈಲಿಗಿಂತ ಕಡಿಮೆ ಅಂತರವಿದ್ದರೆ ವಲಯಗಳು ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಮಾರಿಷಸ್‌ನ ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಸೇಶೆಲ್ಸ್ ಜೊತೆ ಮಾತುಕತೆಯಲ್ಲೇ ಮುಗಿಯಿತು. 2008ರ ಜುಲೈ 29ರಂದು ಆರ್ಥಿಕ ವಲಯದ ಗಡಿ ಒಪ್ಪಂದಕ್ಕೆ ಸಹಿಯಾಯಿತು. ಮಾಲ್ಡೀವ್ಸ್ ಜೊತೆ ಹಾಗಾಗಲಿಲ್ಲ. ನಡುವೆ ಚಾಗೋಸ್ ಇತ್ತು, ಚಾಗೋಸ್ ಬ್ರಿಟನ್ನಿನ ಹಿಡಿತದಲ್ಲಿತ್ತು. 2019ರ ಫೆಬ್ರವರಿ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಚಾಗೋಸ್ ಬಗ್ಗೆ ಮಾರಿಷಸ್ ಪರವಾಗಿ ತನ್ನ ಸಲಹಾ ಅಭಿಪ್ರಾಯ ಕೊಟ್ಟ ಮೇಲಷ್ಟೇ ದಾರಿ ತೆರೆಯಿತು. ಸಮುದ್ರ ಕಾನೂನಿನ ನ್ಯಾಯಮಂಡಳಿಯ ವಿಶೇಷ ಪೀಠ 2021ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಪ್ರಾಥಮಿಕ ಆಕ್ಷೇಪಗಳನ್ನು ತಳ್ಳಿ, 2023ರ ಏಪ್ರಿಲ್ 28ರಂದು ಅಂತಿಮ ತೀರ್ಪು ಕೊಟ್ಟಿತು.

ಆ ತೀರ್ಪಿನ ದೊಡ್ಡ ಪಾಲು ಬ್ಲೆನ್‌ಹೈಮ್ ರೀಫ್ ಎಂಬ ಚಾಗೋಸ್‌ನ ಒಂದು ಹವಳದ ಸುತ್ತ ಸುತ್ತುತ್ತದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಏಳುವ ಜಾಗ ಅದು. 13ನೇ ವಿಧಿಯ ಪ್ರಕಾರ ಅಂಥ ಜಾಗ ದ್ವೀಪದಿಂದ 12 ಮೈಲಿಯೊಳಗಿದ್ದರೆ ಅದರ ಇಳಿತದ ರೇಖೆಯನ್ನು ಆಧಾರವಾಗಿ ಬಳಸಬಹುದು, ಆಚೆಯಿದ್ದರೆ ಅದಕ್ಕೆ ಏನೂ ಇಲ್ಲ. ಇಡೀ ಹವಳ ಒಂದೇ ಜಾಗವೋ, ಬಿಡಿಬಿಡಿ ತುಂಡುಗಳೋ ಎಂಬುದೇ ಜಗಳ. ಕಾಗದದಲ್ಲಿ ಉತ್ತರ ಸಿಗದೆ ಮಾರಿಷಸ್ 2022ರ ಫೆಬ್ರವರಿಯಲ್ಲಿ ‘ಬ್ಲೂ ಡಿ ನೀಮ್’ ಎಂಬ ಬಾಡಿಗೆ ಹಡಗು ಕಳಿಸಿ ಸ್ಥಳದಲ್ಲೇ ಅಳೆಸಿತು. ಪೀಠ ಕೊನೆಗೆ ಬ್ಲೆನ್‌ಹೈಮ್ ಮೇಲೆ ಸಮದೂರ ರೇಖೆಯ (ಎರಡೂ ದೇಶಗಳ ದಂಡೆಯಿಂದ ಸಮಾನ ದೂರದ ಗೆರೆಯ) ಆಧಾರಬಿಂದು ಇಡಲು ಒಪ್ಪಲಿಲ್ಲ. ಆದರೆ ರೇಖೆ ತಿದ್ದುವ ಎರಡನೇ ಹಂತದಲ್ಲಿ ಅದಕ್ಕೆ ಅರ್ಧ ತೂಕ ಕೊಟ್ಟಿತು. ಸುಮಾರು 92,563 ಚದರ ಕಿಲೋಮೀಟರಿನಲ್ಲಿ 45,331 ಮಾರಿಷಸ್‌ಗೆ, 47,232 ಮಾಲ್ಡೀವ್ಸ್‌ಗೆ ಬಂತು. ಸಂಧಾನಕ್ಕೆ ಕೂರುವ ದೇಶಗಳಿಗೆ ನನ್ನ ಸಲಹೆ ಒಂದೇ: ತಾತ್ಕಾಲಿಕ ಸಮದೂರ ರೇಖೆ, ಅದನ್ನು ತಿದ್ದುವ ಸಂದರ್ಭಗಳು, ಕೊನೆಗೆ ಪಾಲುಗಳಲ್ಲಿ ತೀರಾ ಅಸಮತೋಲನ ಇದೆಯೇ ಎಂಬ ಪರೀಕ್ಷೆ, ಈ ಮೂರು ಹೆಜ್ಜೆಗಳನ್ನು ಮನೆಯಲ್ಲೇ ನಡೆದು ನೋಡಿ. ಎದುರಿನವರ ಬಿಂದುಗಳನ್ನೂ ನೀವೇ ಅಳೆದುಕೊಂಡು ಹೋಗಿ.

ಈಗ 200 ಮೈಲಿ ಆಚೆಯ ಕಡಲತಳ. 76ನೇ ವಿಧಿಯನ್ನು ಒಮ್ಮೆ ಓದಿದರೆ ಯಾರಿಗೂ ಅರ್ಥವಾಗದು, ಹಂತವಾಗಿ ಬಿಡಿಸಬೇಕು. ಮೊದಲು ದೇಶದ ನೆಲ ನೀರಿನಡಿಯಲ್ಲಿ ಕಡಿಯದೆ 200 ಮೈಲಿ ದಾಟಿ ಮುಂದುವರಿದಿದೆ ಎಂದು ತೋರಿಸಬೇಕು. ಆ ಮುಂದುವರಿಕೆಯ ಇಳಿಜಾರಿನ ಬುಡ, ಅಂದರೆ ಇಳುಕಲು ಅತಿ ಹೆಚ್ಚು ಬದಲಾಗುವ ಜಾಗ, ಎಲ್ಲಿದೆ ಎಂದು ಹಿಡಿಯಬೇಕು. ಅಲ್ಲಿಂದ 60 ಮೈಲಿ ಮುಂದೆ ಹೋಗಬಹುದು, ಇಲ್ಲವೇ ಹೂಳಿನ ಪದರದ ದಪ್ಪ ಬುಡದಿಂದಿರುವ ದೂರದ ಶೇಕಡಾ 1ರಷ್ಟಿರುವವರೆಗೆ ಹೋಗಬಹುದು. ಎರಡನೆಯದಕ್ಕೆ ಬುಡದಿಂದ 100 ಮೈಲಿ ದೂರದಲ್ಲಿ 1.85 ಕಿಲೋಮೀಟರ್ ದಪ್ಪದ ಹೂಳು ಬೇಕು. ಗಂಗೆಯ ಮುಖದಾಚೆ ಅದು ಸಾಕಷ್ಟಿದೆ; ನದಿಯಿಲ್ಲದ ಸಾಗರ ಮಧ್ಯದ ದ್ವೀಪಗಳಿಗೆ ಎಲ್ಲಿಂದ ಬರಬೇಕು? ಹಾಗಾಗಿ ಇಂಥ ದೇಶಗಳು ಸಾಮಾನ್ಯವಾಗಿ 60 ಮೈಲಿಯ ಸೂತ್ರವನ್ನೇ ನಂಬಬೇಕು, ಹೂಳಿನ ದಪ್ಪ ಅಳೆಯುವ ದುಬಾರಿ ಭೂಕಂಪನ ಸರ್ವೆಗೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸಬೇಕು. ಇದಕ್ಕೆ ಮೇಲ್ಮಿತಿಯೂ ಇದೆ: ಆಧಾರರೇಖೆಯಿಂದ 350 ಮೈಲಿ, ಅಥವಾ 2,500 ಮೀಟರ್ ಆಳದ ರೇಖೆಯಿಂದ 100 ಮೈಲಿ. ಸಾಗರತಳದ ಬರಿಯ ಏಣಿನ ಮೇಲೆ 350 ಮೈಲಿಯೇ ಕೊನೆ; ಪ್ರಸ್ಥಭೂಮಿ, ದಿಬ್ಬಗಳಂಥ ಸಹಜ ಅಂಗಗಳಿಗೆ ಆ ಕಟ್ಟಿಲ್ಲ. ಏಣೋ ದಿಬ್ಬವೋ ಎಂಬ ಭೂವಿಜ್ಞಾನದ ವಾದಕ್ಕೆ, ಇಂಥ ಅರ್ಜಿಗಳನ್ನು ಪರಿಶೀಲಿಸುವ ನ್ಯೂಯಾರ್ಕ್‌ನ ಖಂಡಾವರಣ ಮಿತಿಗಳ ಆಯೋಗದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮಾಸ್ಕರೀನ್ ಪ್ರಸ್ಥಭೂಮಿ ಸೇಶೆಲ್ಸ್‌ನಿಂದ ದಕ್ಷಿಣಕ್ಕೆ ಸುಮಾರು 2,000 ಕಿಲೋಮೀಟರ್ ಬಿಲ್ಲಿನಂತೆ ಬಾಗಿದೆ. ಉತ್ತರದ ತುದಿ ಹಳೆಯ ಭೂಖಂಡದಿಂದ ಕಳಚಿದ ಗ್ರಾನೈಟ್, ದಕ್ಷಿಣದ್ದು ರಿಯೂನಿಯನ್ ಬಿಸಿತಾಣದ (ಭೂಗರ್ಭದ ಶಿಲಾರಸ ಮೇಲೇಳುವ ಜಾಗದ) ಜ್ವಾಲಾಮುಖಿ ಶಿಲೆ, ಮೇಲೆ ಹವಳ ಕಟ್ಟಿದ ಸುಣ್ಣದಕಲ್ಲು. ಎರಡು ಬಗೆಯ ನೆಲ ಒಂದಕ್ಕೊಂದು ಅಂಟಿಕೊಂಡಿರುವುದನ್ನು ತೋರಿಸಲು ಹಳೆಯ ಸಾರ್ವಜನಿಕ ದತ್ತಾಂಶಕ್ಕೆ ದೊಡ್ಡ ಬೆಲೆಯಿದೆ. ಸಾಗರ ಕೊರೆತ ಯೋಜನೆಯ 1987ರ 115ನೇ ಯಾನ ಇಲ್ಲಿ ಸುಣ್ಣದಕಲ್ಲಿನಡಿಯ ಬಸಾಲ್ಟ್‌ವರೆಗೆ ಕೊರೆದಿತ್ತು. ಯಾವ ದೇಶವೇ ಆಗಲಿ, ಮೊದಲು ಅಂತರರಾಷ್ಟ್ರೀಯ ದತ್ತಾಂಶ ಕೇಂದ್ರಗಳಲ್ಲಿರುವ ಹಳೆಯ ಹಡಗುಗಳ ಆಳದ ಸಾಲುಗಳನ್ನೆಲ್ಲ ಇಳಿಸಿಕೊಂಡು, ಇಳಿಜಾರಿನ ಬುಡದ ಅಂದಾಜು ಹಾಕಿ, ಖಾಲಿ ಬಿಟ್ಟ ನಿರ್ಣಾಯಕ ಜಾಗಗಳಿಗೆ ಮಾತ್ರ ಹಡಗು ಕಳಿಸಬೇಕು. ಹೊರಗಡಿಯ ಎರಡು ಬಿಂದುಗಳ ನಡುವೆ 60 ಮೈಲಿಯವರೆಗೆ ನೇರ ಗೆರೆ ಎಳೆಯಲು ಅವಕಾಶವಿರುವುದರಿಂದ ಬುಡದ ಪ್ರತಿ ಮೈಲಿಯನ್ನೂ ಅಳೆಯಬೇಕಿಲ್ಲ.

ಸರ್ವೆಯ ಸಾಲುಗಳು ಇಳಿಜಾರು ಇಳಿಯುವ ದಿಕ್ಕಿನಲ್ಲೇ, ಆಳದ ರೇಖೆಗಳಿಗೆ ಲಂಬವಾಗಿ ಇರಬೇಕು. ಓರೆಯಾಗಿ ಹಾಯ್ದರೆ ಇಳುಕಲು ಮೆತ್ತಗೆ ಕಂಡು ಬುಡದ ಜಾಗ ತಪ್ಪುತ್ತದೆ. ಶಬ್ದದ ಮರುದನಿಯಿಂದ ಆಳ ಅಳೆಯುವ ಬಹುಕಿರಣದ ಎಕೋಸೌಂಡರ್ 4,000 ಮೀಟರ್ ಆಳದಲ್ಲಿ ಒಂದೇ ಹಾಯುವಿಕೆಯಲ್ಲಿ ಹತ್ತು ಕಿಲೋಮೀಟರಿಗೂ ಅಗಲದ ಪಟ್ಟಿಯನ್ನು ನೋಡಬಲ್ಲದು. ನೀರಿನಲ್ಲಿ ಶಬ್ದದ ವೇಗವನ್ನು ದಿನದಲ್ಲಿ ಹಲವು ಸಲ ಅಳೆಯದಿದ್ದರೆ ಆ ಪಟ್ಟಿಯ ಎರಡೂ ಅಂಚು ಸುಳ್ಳಾಗಿ ಮೇಲಕ್ಕೋ ಕೆಳಕ್ಕೋ ಬಾಗುತ್ತವೆ. ಬುಡ ಹುಡುಕುವವರಿಗೆ ಅದೇ ಬಾಗು ಇಳಿಜಾರಿನಂತೆ ಕಾಣುತ್ತದೆ. ಉಪಗ್ರಹದ ಗುರುತ್ವ ಅಳತೆಯಿಂದ ಮಾಡಿದ ಆಳದ ನಕ್ಷೆ ನೋಡಲು ಚೆಂದ, ಯೋಜನೆಗೆ ಉಪಯೋಗಿ. ಅದೊಂದನ್ನೇ ಸಾಕ್ಷಿಯಾಗಿ ಇಟ್ಟರೆ ಆಯೋಗ ಒಪ್ಪುವುದಿಲ್ಲ.

ಸಾಕ್ಷಿ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೂ 2023ರ ತೀರ್ಪೇ ಉದಾಹರಣೆ. ಚಾಗೋಸ್‌ನ ಉತ್ತರಕ್ಕೆ 200 ಮೈಲಿ ಆಚೆ ತನ್ನ ನೆಲ ಮುಂದುವರಿದಿದೆ ಎಂದು ಮಾರಿಷಸ್ ವಾದಿಸಿತ್ತು. ಅದು ತೋರಿಸಿದ ಒಂದು ದಾರಿ ಮಾಲ್ಡೀವ್ಸ್‌ನ ನಿರ್ವಿವಾದ ಕಡಲತಳವನ್ನು ಹಾಯುತ್ತದೆಂದು ಪೀಠ ಬದಿಗಿಟ್ಟಿತು. ಉಳಿದ ದಾರಿಗಳ ಬಗ್ಗೆ ಗಣನೀಯ ಅನಿಶ್ಚಿತತೆ ಇದೆಯೆಂದು ಅಲ್ಲಿ ಗಡಿ ಎಳೆಯಲು ಮುಂದಾಗಲಿಲ್ಲ.

ಅರ್ಜಿಗೆ ಹತ್ತು ವರ್ಷದ ಗಡುವು. 1999ರ ಮೇ 13ಕ್ಕಿಂತ ಮೊದಲೇ ಒಡಂಬಡಿಕೆ ಸೇರಿದವರಿಗೆ ಅದು 2009ರ ಮೇ 13ಕ್ಕೆ ಮುಗಿಯುತ್ತಿತ್ತು. ಹಣವಿಲ್ಲದ ದೇಶಗಳಿಗಾಗಿ ಪ್ರಾಥಮಿಕ ಮಾಹಿತಿ ಸಲ್ಲಿಸಿದರೂ ಸಾಕು ಎಂಬ ರಿಯಾಯಿತಿ 2008ರಲ್ಲಿ ಬಂತು. ಮಾರಿಷಸ್, ಸೇಶೆಲ್ಸ್ ಅದರ ಮೊರೆ ಹೋಗದೆ 2008ರ ಡಿಸೆಂಬರ್ 1ರಂದು ಪೂರ್ಣ ಜಂಟಿ ಅರ್ಜಿ ಕೊಟ್ಟವು. ಅವರ ಜಾಣತನ ಜಾಗ ಆರಿಸಿದ್ದರಲ್ಲಿದೆ. ವಿವಾದವಿರುವ ಕಡೆಯ ಅರ್ಜಿಯನ್ನು ಸಂಬಂಧಪಟ್ಟ ಎಲ್ಲ ದೇಶಗಳ ಒಪ್ಪಿಗೆಯಿಲ್ಲದೆ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಪಾಲು ಹಂಚಿಕೆಯ ಜಗಳವನ್ನು ಮುಂದಕ್ಕೆ ಹಾಕಿ, ಇಬ್ಬರೂ ಸೇರಿ ಹೊರಗಡಿಯೊಂದನ್ನೇ ಕೇಳಿದ್ದರಿಂದ ದಾರಿ ಸುಗಮವಾಯಿತು. ರೋಡ್ರಿಗ್ಸ್ ಎಂಬ ತನ್ನ ದ್ವೀಪದ ಸುತ್ತಲಿನದಕ್ಕೂ ಚಾಗೋಸ್‌ಗೂ ಮಾರಿಷಸ್ ಬೇರೆಯೇ ಕಡತ ತೆರೆಯಿತು. ಆಯೋಗದ 21 ಸದಸ್ಯರಲ್ಲಿ ಏಳು ಜನರ ಉಪ ಆಯೋಗ ಅರ್ಜಿಯನ್ನು ಬಗೆದು ನೋಡುತ್ತದೆ, ಪ್ರಶ್ನೆ ಕಳಿಸುತ್ತದೆ, ಹೆಚ್ಚಿನ ದತ್ತಾಂಶ ಕೇಳುತ್ತದೆ. ಉತ್ತರಿಸಬೇಕಾದವರು ಅರ್ಜಿ ಬರೆದವರೇ ಆಗಿರಬೇಕು. ಅಷ್ಟರಲ್ಲಿ ಅವರು ಬೇರೆ ಇಲಾಖೆಗೆ ವರ್ಗವಾಗಿರುವುದು ಸಣ್ಣ ಸರ್ಕಾರಗಳ ಮಾಮೂಲಿ ಕಷ್ಟ. 2011ರ ಮಾರ್ಚ್ 30ರಂದು ಶಿಫಾರಸು ಬಂತು. ಇಂದು ಸಾಲಿನಲ್ಲಿ ನಿಂತ ಅರ್ಜಿಗಳು ದಶಕಕ್ಕೂ ಹೆಚ್ಚು ಕಾಯುತ್ತಿವೆ.

ಶಿಫಾರಸಿನ ಆಧಾರದ ಮೇಲೆ ದೇಶ ಹಾಕಿದ ಹೊರಗಡಿ ಅಂತಿಮ, ಎಲ್ಲರಿಗೂ ಬದ್ಧ. 2012ರ ಮಾರ್ಚ್ 13ರಂದು ಎರಡೂ ದೇಶಗಳು ಜಂಟಿ ಹಕ್ಕು ಮತ್ತು ಜಂಟಿ ನಿರ್ವಹಣೆಯ ಎರಡು ಒಪ್ಪಂದಗಳಿಗೆ ಸಹಿ ಹಾಕಿ, ನಡೆಸಲು ಜಂಟಿ ಆಯೋಗವೊಂದನ್ನು ಮಾಡಿಕೊಂಡವು. ಸಿಕ್ಕ ಹಕ್ಕಿನ ಮಿತಿಯನ್ನು ಅಲ್ಲಿಯ ಮೀನುಗಾರಿಕೆ ಅಧಿಕಾರಿಗಳಿಗೆ ತಿಳಿಸಿ ಹೇಳುವುದು ಬಹಳ ಮುಖ್ಯ. ತಳ, ಅದರಡಿಯ ಖನಿಜ ಮತ್ತು ತಳಕ್ಕೆ ಅಂಟಿಕೊಂಡೇ ಬದುಕುವ ಕಡಲಸೌತೆ, ಚಿಪ್ಪುಜೀವಿಗಳಂಥವು ಎರಡು ದೇಶಗಳವು. ಮೇಲಿನ ನೀರು ಮುಕ್ತ ಸಮುದ್ರ. ಅಲ್ಲಿ ಟ್ಯೂನಾ ಹಿಡಿಯುವ ದೂರದೇಶದ ಹಡಗನ್ನು ಇವರು ತಡೆಯುವಂತಿಲ್ಲ. ಅದೇ ಹಡಗು ತಳ ಕೆರೆದು ಕಡಲಸೌತೆ ಎತ್ತಿದರೆ ತಡೆಯಬಹುದು. ತಳದ ಮೇಲೆ ವೈಜ್ಞಾನಿಕ ಸಂಶೋಧನೆಗೂ 246ನೇ ವಿಧಿಯ ಒಪ್ಪಿಗೆ ಬೇಕು. ಎಣ್ಣೆಯೋ ಖನಿಜವೋ ಉತ್ಪಾದನೆ ಶುರುವಾದರೆ ಮೊದಲ ಐದು ವರ್ಷ ವಿನಾಯಿತಿ, ಆರನೇ ವರ್ಷ ಶೇಕಡಾ 1, ಹೀಗೆ ಏರುತ್ತ ಹನ್ನೆರಡನೇ ವರ್ಷಕ್ಕೆ ಶೇಕಡಾ 7ರಷ್ಟನ್ನು ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದ ಮೂಲಕ ಕೊಡಬೇಕು. ಆ ಖನಿಜವನ್ನು ಹೊರಗಿನಿಂದಲೇ ಹೆಚ್ಚು ತರಿಸಿಕೊಳ್ಳುವ ಅಭಿವೃದ್ಧಿಶೀಲ ದೇಶಕ್ಕೆ ಅದೂ ಇಲ್ಲ.

ಇನ್ನು ಸಮುದ್ರ ಏರುತ್ತಿರುವ ಮಾತು. ಹವಳದಂಚು ಮುಳುಗಿದರೆ ಆಧಾರರೇಖೆಯೂ ಮುಳುಗುತ್ತದೆಯೇ ಎಂಬ ಭಯ ದ್ವೀಪದೇಶಗಳನ್ನು ಬಹಳ ಕಾಡಿತು. ಪೆಸಿಫಿಕ್ ದ್ವೀಪಗಳ ವೇದಿಕೆ 2021ರ ಆಗಸ್ಟ್ 6ರಂದು ತಮ್ಮ ವಲಯಗಳು ಕುಗ್ಗುವುದಿಲ್ಲವೆಂದು ಘೋಷಿಸಿತು. 2025ರ ಜುಲೈ 23ರ ಸಲಹಾ ಅಭಿಪ್ರಾಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ, ಒಮ್ಮೆ ಒಡಂಬಡಿಕೆಯಂತೆ ಸರಿಯಾಗಿ ಸ್ಥಾಪಿಸಿದ ವಲಯಗಳ ನಕ್ಷೆ ಅಥವಾ ಅಂಕಿಪಟ್ಟಿಯನ್ನು ಕಡಲು ಏರಿತೆಂದು ತಿದ್ದಬೇಕಾಗಿಲ್ಲ ಎಂದಿತು. ಇದರಲ್ಲಿ ‘ಸರಿಯಾಗಿ ಸ್ಥಾಪಿಸಿದ’ ಎಂಬ ಮಾತಿನ ಮೇಲೆ ಕಣ್ಣಿಡಬೇಕು. ಅಳೆದು, ದೇಶದ ಕಾನೂನಿನಲ್ಲಿ ಬರೆದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಲ್ಲಿ ಇನ್ನೂ ಸಲ್ಲಿಸದ ದೇಶಗಳಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. 16 ಮತ್ತು 75ನೇ ವಿಧಿಗಳು ನಕ್ಷೆ ಅಥವಾ ಅಕ್ಷಾಂಶ ರೇಖಾಂಶಗಳ ಪಟ್ಟಿ, ಎರಡರಲ್ಲಿ ಒಂದನ್ನು ಸಲ್ಲಿಸಲು ಬಿಡುತ್ತವೆ. ಪಟ್ಟಿಯನ್ನೇ ಕೊಡಿ, ಡೇಟಮ್ ಹೆಸರು ಸಮೇತ. ನಕ್ಷೆ ಪ್ರತಿ ಹೊಸ ಮುದ್ರಣದಲ್ಲಿ ಬದಲಾಗುತ್ತದೆ, ಅಂಕಿ ಬದಲಾಗುವುದಿಲ್ಲ.

ಪಟ್ಟಿಯ ಹಿಂದಿನ ಕಚ್ಚಾ ದತ್ತಾಂಶವನ್ನೂ ಅಷ್ಟೇ ಜೋಪಾನ ಮಾಡಬೇಕು: ಗ್ರಾಹಕದ ಮೂಲ ಕಡತಗಳು, ಇಳಿತದ ದಾಖಲೆ, ಚಿತ್ರ ತೆಗೆದ ಸಮಯ, ಕಾಂಕ್ರೀಟ್ ಗುರುತುಗಳ ಫೋಟೋ ಮತ್ತು ವಿವರ. ಆಯೋಗವೋ ನ್ಯಾಯಪೀಠವೋ ಇವನ್ನು ಕೇಳುವ ಹೊತ್ತಿಗೆ ಅಳೆದವರು ನಿವೃತ್ತರಾಗಿರುತ್ತಾರೆ, ಅಂಚು ನೀರಿನಡಿ ಹೋಗಿರಲೂಬಹುದು. ಚಂಡಮಾರುತ ಬೀಸುವ ದ್ವೀಪದಲ್ಲಿ ಒಂದೇ ಕಟ್ಟಡದ ಒಂದೇ ಕಪಾಟು ಸಾಲದು; ಒಂದು ಪ್ರತಿ ದೇಶದ ಹೊರಗೂ ಇರಬೇಕೆಂಬ ಷರತ್ತನ್ನು ಸರ್ವೆಯ ಕರಾರಿನಲ್ಲೇ ಬರೆಸಿಕೊಳ್ಳಿ.